ಹದಿಮೂರು ಹೆಂಗಸರು, ಒಂದು ಋತು

1950ರ ಜನವರಿ ಮೂರನೇ ವಾರದಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದ ಪಾಮಾ ಸೀಯಾ ಗಾಲ್ಫ್ ಕ್ಲಬ್ಬಿನಲ್ಲಿ ಮಹಿಳೆಯರ ಒಂದು ಟೂರ್ನಿ ನಡೆಯಿತು. ಅಮೆರಿಕದ ವೃತ್ತಿಪರ ಮಹಿಳಾ ಗಾಲ್ಫ್ ಸಂಸ್ಥೆಯಾದ ಎಲ್‌ಪಿಜಿಎ ತನ್ನ ಚರಿತ್ರೆಯ ಮೊದಲ ಟೂರ್ನಿ ಎಂದು ಲೆಕ್ಕಕ್ಕೆ ಹಿಡಿಯುವುದು ಇದನ್ನೇ. ಆದರೆ ಗೆದ್ದ ಪಾಲಿ ರೈಲಿ ವೃತ್ತಿಪರರೇ ಆಗಿರಲಿಲ್ಲ. ಟೆಕ್ಸಾಸಿನ ಈ ಹವ್ಯಾಸಿ ಆಟಗಾರ್ತಿ, ಆ ಕಾಲದ ಅತ್ಯುತ್ತಮ ವೃತ್ತಿಪರರಲ್ಲಿ ಒಬ್ಬರಾದ ಲೂಯಿಸ್ ಸಗ್ಸ್ ಅವರಿಗಿಂತ ಐದು ಹೊಡೆತ ಕಡಿಮೆ ಹೊಡೆದು ಮೊದಲಿಗರಾದರು. ಹವ್ಯಾಸಿಗಳು ನಗದು ಬಹುಮಾನ ಮುಟ್ಟುವಂತಿಲ್ಲ ಎಂಬುದು ಆಗ ಗಾಲ್ಫಿನ ಕಟ್ಟುನಿಟ್ಟಿನ ನಿಯಮವಾಗಿತ್ತು. ಹಾಗಾಗಿ ಗೌರವ ಒಬ್ಬರಿಗೆ ಸಂದಿತು, ದುಡ್ಡಿಗೆ ಹಕ್ಕುದಾರರು ಬೇರೆಯವರಾದರು.

ಆ ಜನವರಿಯಲ್ಲಿ ಎಲ್‌ಪಿಜಿಎ ಕಾಗದದ ಮೇಲೂ ಇನ್ನೂ ಗಟ್ಟಿಯಾಗಿರಲಿಲ್ಲ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅದಕ್ಕೊಂದು ಹೆಸರು, ಸನ್ನದು, ಅಧ್ಯಕ್ಷೆ, ಜೊತೆಗೆ ಹದಿಮೂರು ಸ್ಥಾಪಕ ಸದಸ್ಯೆಯರು ಇದ್ದರು. ಟ್ಯಾಂಪಾದಿಂದ ಕ್ಯಾನ್ಸಸ್ ರಾಜ್ಯದ ವಿಚಿಟಾವರೆಗಿನ ಆ ಒಂಬತ್ತು ತಿಂಗಳ ಕಥೆಯನ್ನು ಯಾರು ಎಷ್ಟು ಗೆದ್ದರು ಎಂದು ಹೇಳಿ ಮುಗಿಸಬಹುದು. ಆದರೆ ಆ ಹೆಂಗಸರು ಮಾಡಿದ ದೊಡ್ಡ ಕೆಲಸ ಗೆದ್ದದ್ದಲ್ಲ. ಮುಂದಿನ ವಾರವೂ ಆಡಲು ಒಂದು ಟೂರ್ನಿ ಇರುವಂತೆ ನೋಡಿಕೊಂಡದ್ದು.

ಅದಕ್ಕೆ ಹತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಗಾಲ್ಫನ್ನೇ ವೃತ್ತಿಯಾಗಿಸಿಕೊಂಡ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಗಾಲ್ಫ್ ಉಳ್ಳವರ ಕ್ಲಬ್ಬುಗಳ ಆಟ. ಅಲ್ಲಿ ಹೆಣ್ಣು ಆಡಬಹುದು, ಆದರೆ ದುಡ್ಡಿಗಾಗಿ ಆಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬ ಭಾವನೆಯಿತ್ತು. ವೃತ್ತಿಪರಳಾದವಳಿಗೆ ಅನ್ನ ಹುಟ್ಟುತ್ತಿದ್ದದ್ದು ಟೂರ್ನಿಗಳಿಂದಲ್ಲ, ವಿಲ್ಸನ್, ಸ್ಪಾಲ್ಡಿಂಗ್, ಮೆಕ್‌ಗ್ರೆಗರ್‌ನಂಥ ಕ್ರೀಡಾ ಸಾಮಗ್ರಿ ಕಂಪನಿಗಳಿಂದ. ಕಂಪನಿ ಕೊಟ್ಟ ಕ್ಲಬ್ಬುಗಳನ್ನು, ಅಂದರೆ ಗಾಲ್ಫ್ ಕೋಲುಗಳನ್ನು, ಹೊತ್ತು ಊರೂರು ತಿರುಗಿ, ಜನರೆದುರು ಚೆಂಡು ಹೊಡೆದು ತೋರಿಸಿ, ಪಾಠ ಹೇಳಿಕೊಡುವುದು ಅವರ ನೌಕರಿ. 1934ರಲ್ಲಿ ವಿಲ್ಸನ್ ಸೇರಿದ ಹೆಲೆನ್ ಹಿಕ್ಸ್ ಈ ದಾರಿಯ ಮೊದಲಿಗರು. 1940ರಲ್ಲಿ ಮಿನಿಯಾಪೊಲಿಸ್‌ನ ಪ್ಯಾಟಿ ಬರ್ಗ್ ಅದೇ ಕಂಪನಿ ಸೇರಿದರು. ಮರುವರ್ಷ ಅವರು ವೆಸ್ಟರ್ನ್ ಓಪನ್ ಗೆದ್ದಾಗ ಸಿಕ್ಕ ಬಹುಮಾನ 100 ಡಾಲರ್ ಬೆಲೆಯ ಒಂದು ಬಾಂಡ್.

ಸಂಘ ಕಟ್ಟುವ ಪ್ರಯತ್ನ ಮೊದಲೂ ಒಮ್ಮೆ ಆಗಿತ್ತು. 1944ರಲ್ಲಿ ಹೋಪ್ ಸೀನ್ಯಸ್, ಬೆಟಿ ಹಿಕ್ಸ್, ಎಲೆನ್ ಗ್ರಿಫಿನ್ ಸೇರಿ ಡಬ್ಲ್ಯುಪಿಜಿಎ ಎಂಬ ಸಂಸ್ಥೆ ಹುಟ್ಟುಹಾಕಿದ್ದರು. 1946ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ ಮೊದಲ ಅಮೆರಿಕ ಮಹಿಳಾ ಓಪನ್ ನಡೆದದ್ದು ಇವರ ಆಸರೆಯಲ್ಲೇ. ಅದರ ಬಹುಮಾನದ ಹಣ ಬಂದ ಮೂಲ ಮಾತ್ರ ಯಾರೂ ಊಹಿಸಲಾರದ್ದು: ಊರಿನ ಒಂದು ಮೋಜಿನ ಕ್ಲಬ್ಬಿನ ಜೂಜಿನ ಯಂತ್ರಗಳು. ಆ ಓಪನ್ ಗೆದ್ದವರು ಪ್ಯಾಟಿ ಬರ್ಗ್. ಆದರೆ ಅಂಥ ದಾನಿಗಳು ಪ್ರತಿ ಊರಿನಲ್ಲೂ ಸಿಗುವವರಲ್ಲ. ಸೀನ್ಯಸ್ ಕೈಯಿಂದ, ಅಪ್ಪನ ಜೇಬಿನಿಂದ ದುಡ್ಡು ಹಾಕಿ ಸಂಸ್ಥೆಯನ್ನೂ ಒಂದು ಪತ್ರಿಕೆಯನ್ನೂ ನಡೆಸಿ ಸೋತುಹೋದರು. ನಲವತ್ತರ ದಶಕ ಮುಗಿಯುವ ಹೊತ್ತಿಗೆ ಡಬ್ಲ್ಯುಪಿಜಿಎ ಹೆಸರಿಗಷ್ಟೇ ಉಳಿದಿತ್ತು.

ಆಗ ಬಂದವರು ಫ್ರೆಡ್ ಕಾರ್ಕರನ್. ಹಿಂದೆ ಪುರುಷರ ಪಿಜಿಎ ಟೂರ್ನಿಗಳನ್ನು ನೋಡಿಕೊಂಡಿದ್ದ ಈ ಮಾತಿನ ಮಲ್ಲ, ಆ ಕಾಲದ ಅತಿ ಪ್ರಸಿದ್ಧ ಆಟಗಾರ್ತಿ ಬೇಬ್ ಝಹಾರಿಯಾಸ್ ಅವರ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದರು. ಮಹಿಳಾ ಗಾಲ್ಫಿಗೆ ಅವರನ್ನು ವ್ಯವಸ್ಥಾಪಕರಾಗಿ ಗೊತ್ತುಮಾಡಿ ಸಂಬಳ ಕೊಟ್ಟದ್ದು ವಿಲ್ಸನ್ ಕಂಪನಿ. ಹೆಣ್ಣುಮಕ್ಕಳು ಟೂರ್ನಿ ಆಡಿದರೆ ಅವರ ಹೆಸರಿನ ಕ್ಲಬ್ಬುಗಳು ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುತ್ತವೆ ಎಂಬ ಸರಳ ಲೆಕ್ಕ ಅದರ ಹಿಂದಿತ್ತು. ಹಳೆಯ ಸಂಸ್ಥೆಯ ಸನ್ನದನ್ನು ಬಿಟ್ಟುಕೊಡಲು ಸೀನ್ಯಸ್ ಒಪ್ಪಲಿಲ್ಲ. ಸರಿ, ‘ವಿಮೆನ್ಸ್’ ಬದಲು ‘ಲೇಡೀಸ್’ ಎಂದು ಹೆಸರಿಟ್ಟು ಹೊಸದನ್ನೇ ಆರಂಭಿಸಿದರು.

ಆ ಹದಿಮೂರು ಮಂದಿಯನ್ನು ಒಟ್ಟಿಗೆ ನಿಲ್ಲಿಸಿದರೆ ಅಮೆರಿಕದ ಅರ್ಧ ಶತಮಾನವೇ ಎದುರಿಗೆ ನಿಂತಂತೆ. ಅತ್ಯಂತ ಹಿರಿಯರು ಓಪಲ್ ಹಿಲ್. 1892ರಲ್ಲಿ ಹುಟ್ಟಿದ ಅವರು ಮೂತ್ರಪಿಂಡದ ಸೋಂಕಿನಿಂದ ಬಳಲುತ್ತಿದ್ದಾಗ ವೈದ್ಯರು ಹೊರಗೆ ನಡೆದಾಡಿ ಎಂದದ್ದೇ ನೆಪವಾಗಿ, ಮೂವತ್ತು ದಾಟಿದ ಮೇಲೆ ಗಾಲ್ಫ್ ಕಲಿತವರು. ಅತ್ಯಂತ ಕಿರಿಯಳು ಮಾರ್ಲೀನ್ ಬಾವರ್, ಆಗ ಹದಿನಾರರ ಹುಡುಗಿ. ಹಿಂದಿನ ವರ್ಷವೇ ಅಸೋಸಿಯೇಟೆಡ್ ಪ್ರೆಸ್ ಆಕೆಯನ್ನು ವರ್ಷದ ಮಹಿಳಾ ಕ್ರೀಡಾಪಟುವೆಂದು ಆರಿಸಿತ್ತು. ಅಕ್ಕ ಆಲಿಸ್ ಕೂಡ ಸ್ಥಾಪಕಿಯೇ. ಹೆಲೆನ್ ಡೆಟ್‌ವೈಲರ್ ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್ ವಿಮಾನ ಹಾರಿಸಿದವರು. ಅದಕ್ಕೂ ಮೊದಲು ರೇಡಿಯೋದಲ್ಲಿ ಬೇಸ್‌ಬಾಲ್ ವೀಕ್ಷಕ ವಿವರಣೆ ಕೊಟ್ಟಿದ್ದರು. ಪ್ಯಾಟಿ ಬರ್ಗ್ ಅದೇ ಯುದ್ಧದಲ್ಲಿ ಮರೀನ್ ದಳದ ಲೆಫ್ಟಿನೆಂಟ್. ಬೆಟಿ ಜೇಮ್ಸನ್ 1947ರ ಅಮೆರಿಕ ಓಪನ್‌ನಲ್ಲಿ 295 ಹೊಡೆತಗಳಲ್ಲಿ ಮುಗಿಸಿ, 72 ಕುಳಿಗಳ ಟೂರ್ನಿಯಲ್ಲಿ ಮುನ್ನೂರರೊಳಗೆ ಬಂದ ಮೊದಲ ಮಹಿಳೆಯಾಗಿದ್ದರು. ಅದೇ ಓಪನ್‌ನಲ್ಲಿ ಎರಡನೆಯ ಸ್ಥಾನ ಹಂಚಿಕೊಂಡವರಲ್ಲಿ ಮಿಶಿಗನ್‌ನ ಸ್ಯಾಲಿ ಸೆಶನ್ಸ್ ಒಬ್ಬರು. ಡಲ್ಲಾಸ್‌ನ ಪುಟ್ಟ ದೇಹದ ಬೆಟಿ ಡ್ಯಾನಾಫ್, ಬೇಬ್ ಅವರ ಸಾಲುಸಾಲು ಗೆಲುವುಗಳಿಗೆ 1947ರ ಟೆಕ್ಸಾಸ್ ಓಪನ್‌ನಲ್ಲಿ ತಡೆ ಹಾಕಿದವರು.

ಶರ್ಲಿ ಸ್ಪೋರ್ಕ್ ವೃತ್ತಿಪರರಾದ ಬಗೆ ಆ ಕಾಲದ ವ್ಯವಸ್ಥೆ ಎಂಥದ್ದಿತ್ತು ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. ಡೆಟ್ರಾಯಿಟ್‌ನ ಈ ಹುಡುಗಿ ಕಾಲೇಜು ಮಟ್ಟದ ರಾಷ್ಟ್ರೀಯ ಚಾಂಪಿಯನ್. ವೃತ್ತಿಪರಳಾಗಲು ಏನು ಮಾಡಬೇಕೆಂದು ಬೇಬ್ ಅವರನ್ನು ಕೇಳಿದಾಗ, ಅವರು ತಲೆಯ ಮೇಲೊಂದು ಮೊಟಕಿ, ನೀನಿನ್ನು ವೃತ್ತಿಪರಳು, ಹೋಗಿ ಟೀಯಲ್ಲಿ, ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ಹಾಗೇ ಹೇಳು ಎಂದು ಕಳಿಸಿದರಂತೆ. ಅರ್ಜಿ ಇಲ್ಲ, ಅರ್ಹತಾ ಸುತ್ತಿಲ್ಲ, ಪರವಾನಗಿ ಇಲ್ಲ. ಅವನ್ನೆಲ್ಲ ರೂಪಿಸಬೇಕಾದ ಸಂಸ್ಥೆಯನ್ನು ಇವರೇ ಆಮೇಲೆ ಕಟ್ಟಿದರು.

ಋತು ನಡೆಯಲು ಬೇಕಾದದ್ದು ಹಣ. ಕಾರ್ಕರನ್ ಹುಡುಕಿದ ದೊಡ್ಡ ಪ್ರಾಯೋಜಕ ಆಲ್ವಿನ್ ಹ್ಯಾಂಡ್‌ಮಾಕರ್, ‘ವೆದರ್‌ವೇನ್’ ಹೆಸರಿನ ಮಹಿಳೆಯರ ಸೂಟುಗಳ ತಯಾರಕ. ಗಾಲ್ಫ್ ಆಡುವ ಹೆಂಗಸರೇ ತನ್ನ ಸೂಟು ಕೊಳ್ಳುವ ಗಿರಾಕಿಗಳು ಎಂದು ಆತ ಗುರುತಿಸಿದ. ಅವನು ಒಪ್ಪಿದ ಯೋಜನೆ ಆ ದಿನಗಳಿಗೆ ಧಾರಾಳವಾದದ್ದು: ಪಶ್ಚಿಮ ಕರಾವಳಿಯ ಪೆಬಲ್ ಬೀಚ್‌ನಲ್ಲಿ ಶುರುವಾಗಿ, ಶಿಕಾಗೊ, ಕ್ಲೀವ್‌ಲ್ಯಾಂಡ್ ದಾಟಿ ನ್ಯೂಯಾರ್ಕ್‌ನಲ್ಲಿ ಮುಗಿಯುವ ನಾಲ್ಕು ಟೂರ್ನಿಗಳು, ಒಂದೊಂದರಲ್ಲಿ 36 ಕುಳಿ. ಪ್ರತಿ ಟೂರ್ನಿಗೂ ಪ್ರತ್ಯೇಕ ಬಹುಮಾನ; ನಾಲ್ಕನ್ನೂ ಕೂಡಿ 144 ಕುಳಿಗಳಲ್ಲಿ ಅತಿ ಕಡಿಮೆ ಹೊಡೆತ ಹೊಡೆದವರಿಗೆ ಇನ್ನೂ 5,000 ಡಾಲರ್. ಬೋನಸ್ ಬೇಕೆಂದರೆ ನಾಲ್ಕೂ ಕಡೆ ಆಡಲೇಬೇಕು. ನಾಲ್ಕೂ ಕಡೆ ಆಡಬೇಕೆಂದರೆ ತಾರೆಯರು ಖಂಡದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಟ್ಟಿಗೆ ಸಾಗಲೇಬೇಕು. ಅಲ್ಲೊಂದು ಇಲ್ಲೊಂದು ನಡೆಯುತ್ತಿದ್ದ ಟೂರ್ನಿಗಳು ಒಂದಕ್ಕೊಂದು ಹೊಂದಿಕೊಂಡು ಸರಣಿಯಾಗಲು ಈ ಬಟ್ಟೆ ವ್ಯಾಪಾರಿಯ ಲೆಕ್ಕಾಚಾರ ನೆರವಾಯಿತು.

ಶಿಕಾಗೊ ಹೊರವಲಯದ ಟ್ಯಾಮ್ ಓಶಾಂಟರ್ ಕ್ಲಬ್ಬಿನ ಜಾರ್ಜ್ ಮೇ ಇನ್ನೊಂದು ಬಗೆಯ ಪೋಷಕ. ಗಾಲ್ಫಿಗೆ ಜಾತ್ರೆಯ ಕಳೆ ತಂದ ಈ ಉದ್ಯಮಿ ಅಗ್ಗದ ಟಿಕೆಟ್ ಇಟ್ಟು, ಪುರುಷರು, ಮಹಿಳೆಯರು, ಹವ್ಯಾಸಿಗಳು ಎಲ್ಲರನ್ನೂ ಒಂದೇ ಮೈದಾನಕ್ಕೆ ಕರೆದು ಆಡಿಸುತ್ತಿದ್ದ. ಆಲ್ ಅಮೆರಿಕನ್ ಓಪನ್, ವರ್ಲ್ಡ್ ಚಾಂಪಿಯನ್‌ಶಿಪ್ ಎಂಬ ಭಾರಿ ಹೆಸರಿನ ಅವನ ಎರಡು ಟೂರ್ನಿಗಳು 1950ರ ಋತುವಿನ ಭಾಗವಾದವು.

ಉಳಿದದ್ದೆಲ್ಲ ಆಟಗಾರ್ತಿಯರ ಹೆಗಲ ಮೇಲೆ. ಆ ವರ್ಷಗಳ ಎಲ್‌ಪಿಜಿಎ ಊರೂರು ಕ್ಯಾಂಪು ಹಾಕುತ್ತಿದ್ದ ನಮ್ಮ ನಾಟಕ ಕಂಪನಿಗಳ ಹಾಗಿತ್ತು. ಸಂಜೆ ರಾಣಿಯ ಪಾತ್ರ ಮಾಡುವವಳೇ ಬೆಳಿಗ್ಗೆ ಪರದೆ ಕಟ್ಟಬೇಕು. ವಿಮಾನದ ಟಿಕೆಟ್ ಹೆಚ್ಚಿನವರ ಕೈಗೆ ಎಟುಕುತ್ತಿರಲಿಲ್ಲ. ಒಂದು ಟೂರ್ನಿ ಮುಗಿದ ಸಂಜೆಯೇ ಸಾಮಾನುಗಳನ್ನು ಕಾರುಗಳಿಗೆ ತುಂಬಿ, ಒಂದರ ಹಿಂದೊಂದು ಸಾಲಾಗಿ ಮುಂದಿನ ಊರಿಗೆ ಹೊರಡುತ್ತಿದ್ದರು. ಪೆಟ್ರೋಲಿಗೋ ಊಟಕ್ಕೋ ನಿಲ್ಲಬೇಕೆಂದರೆ ಕಿಟಕಿಯಿಂದ ಬಣ್ಣದ ಹಲಗೆ ತೋರಿಸಿ ಹಿಂದಿನ ಕಾರಿಗೆ ಸನ್ನೆ ಮಾಡುವುದು ರೂಢಿ. ಖರ್ಚು ಉಳಿಸಲು ಇಬ್ಬರಿಗೊಂದು ಕೋಣೆ.

ಊರು ತಲುಪಿದ ಮೇಲೆ ಮೈದಾನ ಸಿದ್ಧಪಡಿಸುವುದೂ ಅವರೇ. ಪ್ರತಿ ಕುಳಿಗೆ ಟೀ ಎಲ್ಲಿರಬೇಕು, ಗ್ರೀನ್ ಎಂಬ ಹುಲ್ಲುಹಾಸಿನಲ್ಲಿ ಕುಳಿ ಎಲ್ಲಿ ತೋಡಬೇಕು, ಗಡಿಯ ಗೂಟ ಎಲ್ಲಿ ನೆಡಬೇಕು ಎಂಬುದನ್ನು ನಡೆದು, ಅಳೆದು ನಿರ್ಧರಿಸುತ್ತಿದ್ದರು. ಯಾರ ಜೊತೆ ಯಾರು ಆಡಬೇಕೆಂದು ಪಟ್ಟಿ ಮಾಡುವುದು, ಅಂಕಪಟ್ಟಿ ಬರೆಯುವುದು, ನಿಯಮದ ತಕರಾರು ಬಗೆಹರಿಸುವುದು, ಪತ್ರಿಕೆಗಳಿಗೆ ಸುದ್ದಿ ಕಳಿಸುವುದು, ಕೊನೆಯ ದಿನ ಬಹುಮಾನದ ಚೆಕ್ ಬರೆಯುವುದು ಎಲ್ಲ ಇವರದೇ ಪಾಲು. ನಿಯಮ ಮುರಿದವರಿಗೆ ದಂಡ ಹಾಕುವವರೂ ಮರುದಿನ ಅವರೆದುರು ಆಡುವವರೂ ಒಬ್ಬರೇ ಆಗಿರುತ್ತಿದ್ದರು. ಇದರಿಂದ ಹುಟ್ಟಿದ ಮನಸ್ತಾಪಗಳಿಗೆ ಲೆಕ್ಕವಿಲ್ಲ.

ಆಟ ಆಡಿದರೆ ಸಾಲದು, ನೋಡಲು ಜನವೂ ಬರಬೇಕಲ್ಲ? ವಿಚಿಟಾದವರೇ ಆದ ಮೆರಿಲಿನ್ ಸ್ಮಿತ್ ಬೇಸ್‌ಬಾಲ್ ಕ್ರೀಡಾಂಗಣಗಳಿಗೆ ಹೋಗಿ, ಪಂದ್ಯಕ್ಕೆ ಮುಂಚೆ ಬ್ಯಾಟುಗಾರ ನಿಲ್ಲುವ ಜಾಗದಿಂದ ಗಾಲ್ಫ್ ಚೆಂಡುಗಳನ್ನು ದೂರದ ಗಡಿಯತ್ತ ಹಾರಿಸಿ, ಮೈಕಿನಲ್ಲಿ ವಾರಾಂತ್ಯದ ಟೂರ್ನಿಗೆ ಬನ್ನಿ ಎಂದು ಕರೆಯುತ್ತಿದ್ದರು. ಕುಸ್ತಿ, ಮುಷ್ಟಿಯುದ್ಧದ ಅಖಾಡಗಳಲ್ಲೂ ಇದೇ ಪ್ರಚಾರ. ಸ್ಪೋರ್ಕ್ ಚಮತ್ಕಾರದ ಹೊಡೆತಗಳಿಂದ ಜನರನ್ನು ನಗಿಸುತ್ತಿದ್ದರು. ಬರ್ಗ್ ಅವರ ಪ್ರಾತ್ಯಕ್ಷಿಕೆಗಳಿಗಂತೂ ದೇಶದಾದ್ಯಂತ ಬೇಡಿಕೆ ಇತ್ತು.

ಆದರೂ ಟಿಕೆಟ್ ಮಾರುತ್ತಿದ್ದ ಹೆಸರು ಒಂದೇ. ಮಿಲ್‌ಡ್ರೆಡ್ ‘ಬೇಬ್’ ಝಹಾರಿಯಾಸ್ ಟೆಕ್ಸಾಸಿನ ನಾರ್ವೆ ಮೂಲದ ವಲಸೆ ಕುಟುಂಬದ ಮಗಳು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಮತ್ತು 80 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ, ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದು, ಆಮೇಲೆ ಗಾಲ್ಫಿಗೆ ಬಂದವರು. 1950ರ ಆರಂಭದಲ್ಲಿ ಅಸೋಸಿಯೇಟೆಡ್ ಪ್ರೆಸ್ ಅವರನ್ನು ಅರ್ಧ ಶತಮಾನದ ಶ್ರೇಷ್ಠ ಮಹಿಳಾ ಕ್ರೀಡಾಪಟು ಎಂದು ಘೋಷಿಸಿತ್ತು. ಅವರು ಪ್ರೇಕ್ಷಕರೊಡನೆ ಹರಟುತ್ತಿದ್ದರು, ಬಾಯಿತುಂಬ ಬಡಾಯಿ ಕೊಚ್ಚುತ್ತಿದ್ದರು, ಎರಡನೇ ಸ್ಥಾನಕ್ಕೆ ಯಾರು ಬರುತ್ತೀರಿ ಎಂದು ಎದುರಾಳಿಗಳನ್ನೇ ಕೆಣಕುತ್ತಿದ್ದರು. ಹಾಜರಾಗುವುದಕ್ಕೇ ಸಂಘಟಕರಿಂದ ಬೇರೆ ಹಣ ಕೇಳುತ್ತಿದ್ದರು. ಸಂಘಟಕರು ಕೊಡುತ್ತಲೂ ಇದ್ದರು, ಏಕೆಂದರೆ ಬೇಬ್ ಇಲ್ಲದ ಟೂರ್ನಿಗೆ ಜನ ಬರುವ ಖಾತರಿ ಇರಲಿಲ್ಲ.

ಲೂಯಿಸ್ ಸಗ್ಸ್ ಇದಕ್ಕೆ ಪೂರಾ ವಿರುದ್ಧ. ಜಾರ್ಜಿಯಾದಲ್ಲಿ ಅಪ್ಪ ನಡೆಸುತ್ತಿದ್ದ ಗಾಲ್ಫ್ ಮೈದಾನದಲ್ಲೇ ಬೆಳೆದ ಮಿತಭಾಷಿ. ಅಮೆರಿಕ ಮತ್ತು ಬ್ರಿಟನ್ ಎರಡರ ಹವ್ಯಾಸಿ ಪ್ರಶಸ್ತಿಗಳನ್ನೂ ಗೆದ್ದು ವೃತ್ತಿಗೆ ಬಂದವರು. ಹಾಸ್ಯನಟ ಬಾಬ್ ಹೋಪ್ ಅವರ ಹೊಡೆತದ ಬಲ ಕಂಡು ‘ಮಿಸ್ ಸ್ಲಗ್ಸ್’ ಎಂದು ಅಡ್ಡಹೆಸರಿಟ್ಟಿದ್ದ. 1949ರ ಅಮೆರಿಕ ಓಪನ್‌ನಲ್ಲಿ ಅವರು ಬೇಬ್ ಅವರನ್ನು ಸೋಲಿಸಿದ್ದು ಹದಿನಾಲ್ಕು ಹೊಡೆತಗಳಿಂದ. ಆದರೂ ಮರುದಿನದ ಪತ್ರಿಕೆಗಳ ಕಣ್ಣು ಬೇಬ್ ಮೇಲೆಯೇ. ನಿಯಮಗಳನ್ನು ತಮಗೆ ಬೇಕಾದಂತೆ ಬಗ್ಗಿಸಲು ಬೇಬ್ ಹಿಂಜರಿಯುವುದಿಲ್ಲ ಎಂಬ ದೂರೂ ಸಗ್ಸ್ ಅವರಿಗಿತ್ತು. ಇಬ್ಬರಿಗೂ ಕೊನೆಯವರೆಗೆ ಸರಿಹೋಗಲಿಲ್ಲ. ವಿಶೇಷವೆಂದರೆ ಇಬ್ಬರೂ ಒಂದೇ ಸನ್ನದಿನ ಸ್ಥಾಪಕಿಯರು. ಬೇಬ್ ತರುವ ಜನಸಂದಣಿ ಸಗ್ಸ್‌ಗೆ ಬೇಕಿತ್ತು. ತಾನು ಗೆದ್ದದ್ದಕ್ಕೆ ತೂಕ ಬರಬೇಕಾದರೆ ಸಗ್ಸ್‌ನಂಥ ಎದುರಾಳಿ ಬೇಬ್‌ಗೆ ಬೇಕಿತ್ತು. ಈ ಸಂಘವನ್ನು ಕಟ್ಟಿದ್ದು ಗೆಳೆತನವಲ್ಲ, ಪರಸ್ಪರ ಅಗತ್ಯ.

ಆ ವರ್ಷ ಮೈದಾನದಲ್ಲಿ ಬೇಬ್ ಅವರನ್ನು ಹಿಡಿಯುವವರಿರಲಿಲ್ಲ. ಆಗಸ್ಟಾ ಕಂಟ್ರಿ ಕ್ಲಬ್ಬಿನಲ್ಲಿ ಟೈಟಲ್‌ಹೋಲ್ಡರ್ಸ್ ಟೂರ್ನಿ ಗೆದ್ದರು. ಡೆನ್ವರ್ ಬಳಿಯ ಚೆರಿ ಹಿಲ್ಸ್‌ನಲ್ಲಿ ವೆಸ್ಟರ್ನ್ ಓಪನ್ ಗೆದ್ದರು. ಜಾರ್ಜ್ ಮೇಯ ಎರಡೂ ಟೂರ್ನಿಗಳು, ವೆದರ್‌ವೇನ್ ಸರಣಿಯ 5,000 ಡಾಲರ್ ಎಲ್ಲವೂ ಅವರಿಗೇ. ಸರಣಿಯ ಶಿಕಾಗೊ ಮತ್ತು ನ್ಯೂಯಾರ್ಕ್ ಸುತ್ತುಗಳನ್ನು ಸಗ್ಸ್ ಗೆದ್ದರೂ 144 ಕುಳಿಗಳ ಮೊತ್ತದಲ್ಲಿ ಬೇಬ್ ಮುಂದಿದ್ದರು.

ಸೆಪ್ಟೆಂಬರ್ ಕೊನೆಗೆ ಎಲ್ಲರೂ ವಿಚಿಟಾದ ರೋಲಿಂಗ್ ಹಿಲ್ಸ್ ಕಂಟ್ರಿ ಕ್ಲಬ್ಬಿನಲ್ಲಿ ಅಮೆರಿಕ ಓಪನ್‌ಗೆ ಸೇರಿದರು. ಹಗಲು ಆಟ, ಬಿಡುವಿನಲ್ಲಿ ಸಂಸ್ಥೆಯ ನಿಯಮಾವಳಿಯ ಚರ್ಚೆ. ಪ್ಯಾಟಿ ಬರ್ಗ್ ಮೊದಲ ಅಧ್ಯಕ್ಷೆಯಾದರು. ಎಲ್‌ಪಿಜಿಎ ತನ್ನ ಹುಟ್ಟೂರೆಂದು ಹೇಳಿಕೊಳ್ಳುವುದು ಈ ಊರನ್ನೇ. ಓಪನ್ ಅನ್ನು ಬೇಬ್ 291 ಹೊಡೆತಗಳಲ್ಲಿ ಮುಗಿಸಿ ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದರು. ಹೀಗೆ ಟೈಟಲ್‌ಹೋಲ್ಡರ್ಸ್, ವೆಸ್ಟರ್ನ್ ಓಪನ್, ಅಮೆರಿಕ ಓಪನ್ ಎಂಬ ಆ ಋತುವಿನ ಮೂರು ಪ್ರಮುಖ ಪ್ರಶಸ್ತಿಗಳೂ ಒಬ್ಬರ ಪಾಲಾದವು. ಎರಡನೇ ಸ್ಥಾನ ಬಂದದ್ದು ಬೆಟ್ಸಿ ರಾಲ್ಸ್ ಎಂಬ ಹವ್ಯಾಸಿಗೆ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ ಈಕೆ ಮರುವರ್ಷ ವೃತ್ತಿಗೆ ಬಂದು ನಾಲ್ಕು ಬಾರಿ ಅಮೆರಿಕ ಓಪನ್ ಗೆದ್ದರು. ಹೊಸ ಸಂಸ್ಥೆಗೆ ಇಂಥವರನ್ನು ಸೆಳೆಯುವ ಶಕ್ತಿ ಬಂದಿತ್ತು ಎಂಬುದೇ ಆ ಋತುವಿನ ಒಂದು ಫಲ.

ಲೆಕ್ಕದ ಪುಸ್ತಕ ಮಾತ್ರ ಬಡವಾಗಿತ್ತು. ಇಡೀ ಋತುವಿನ ಬಹುಮಾನದ ಒಟ್ಟು ಮೊತ್ತ ಸುಮಾರು 50,000 ಡಾಲರ್. ಅದರಲ್ಲಿ ಬೇಬ್ ಒಬ್ಬರೇ 14,800 ಡಾಲರ್ ಗಳಿಸಿದರು. ಅದೇ ವರ್ಷ ಪುರುಷರ ಟೂರ್‌ನಲ್ಲಿ ಸ್ಯಾಮ್ ಸ್ನೀಡ್ ಗಳಿಸಿದ್ದು 35,758 ಡಾಲರ್. ಬೇಬ್, ಸಗ್ಸ್, ಬರ್ಗ್ ಗೆದ್ದು ಮಿಕ್ಕ ಹಣದಲ್ಲಿ ಉಳಿದವರಿಗೆ ಪೆಟ್ರೋಲಿನ ಖರ್ಚು ಹೊರಡುವುದೂ ಕಷ್ಟ. ಅವರು ಕಾರಿನ ಸಾಲಿನಲ್ಲಿ ಉಳಿದದ್ದು ಕಂಪನಿಗಳ ಸಂಬಳ, ಪಾಠದ ಗಳಿಕೆ ಮತ್ತು ಹಟದ ಬಲದಿಂದ. ಇನ್ನೊಂದು ಕೊರತೆ ದುಡ್ಡಿನದ್ದಲ್ಲ. ಹದಿಮೂರು ಮಂದಿಯೂ ಬಿಳಿಯರು. ಟೂರ್ನಿ ನಡೆಯುತ್ತಿದ್ದ ಎಷ್ಟೋ ಕ್ಲಬ್ಬುಗಳು ಕಪ್ಪು ಜನರನ್ನು ಒಳಗೇ ಬಿಡುತ್ತಿರಲಿಲ್ಲ. ವಿಂಬಲ್ಡನ್ ಗೆದ್ದ ಆಲ್ಥಿಯಾ ಗಿಬ್ಸನ್ 1964ರಲ್ಲಿ ಎಲ್‌ಪಿಜಿಎ ಸೇರಿ ಆ ಗೋಡೆ ಮುರಿಯುವವರೆಗೆ ಹದಿನಾಲ್ಕು ವರ್ಷ ಕಾಯಬೇಕಾಯಿತು.

ಒಬ್ಬ ತಾರೆಯ ಮೇಲೆ ನಿಂತ ಮನೆ ಆ ತಾರೆ ಅಸ್ತವಾದಾಗ ಬೀಳಬೇಕಿತ್ತು. 1953ರಲ್ಲಿ ಬೇಬ್‌ಗೆ ಕರುಳಿನ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯ ಮರುವರ್ಷ ಅವರು ಅಮೆರಿಕ ಓಪನ್ ಅನ್ನು ಹನ್ನೆರಡು ಹೊಡೆತಗಳಿಂದ ಗೆದ್ದರೂ ಕಾಯಿಲೆ ಮರಳಿ ಬಂತು. 1956ರ ಸೆಪ್ಟೆಂಬರ್ 27ರಂದು, 45ನೇ ವಯಸ್ಸಿನಲ್ಲಿ ತೀರಿಕೊಂಡರು. ಟೂರ್ ಬೀಳಲಿಲ್ಲ. 1952ಕ್ಕೇ ಟೂರ್ನಿಗಳ ಸಂಖ್ಯೆ 21ಕ್ಕೆ ಏರಿತ್ತು; 1959ರಲ್ಲಿ 26 ಟೂರ್ನಿಗಳು, ಬಹುಮಾನದ ಮೊತ್ತ ಎರಡು ಲಕ್ಷ ಡಾಲರ್ ದಾಟಿತ್ತು.

ಅದೇ ಕಾಲದ ಇನ್ನೊಂದು ಪ್ರಯೋಗವನ್ನು ಪಕ್ಕದಲ್ಲಿಟ್ಟು ನೋಡಬೇಕು. ಯುದ್ಧಕಾಲದಲ್ಲಿ, 1943ರಲ್ಲಿ ಹುಟ್ಟಿದ ಹೆಣ್ಣುಮಕ್ಕಳ ವೃತ್ತಿಪರ ಬೇಸ್‌ಬಾಲ್ ಲೀಗ್ ಗಾಲ್ಫಿಗಿಂತ ಹೆಚ್ಚು ಜನರನ್ನು ಸೆಳೆದಿತ್ತು. ಚ್ಯೂಯಿಂಗ್ ಗಮ್ ಉದ್ಯಮಿ ಫಿಲಿಪ್ ರಿಗ್ಲಿ ಅದರ ಸ್ಥಾಪಕ. ಲೀಗಾಗಲಿ ತಂಡಗಳಾಗಲಿ ಆಟಗಾರ್ತಿಯರ ಕೈಯಲ್ಲಿರಲಿಲ್ಲ. ಟಿಕೆಟ್ ಮಾರಾಟ ಕುಸಿದಾಗ, 1954ರ ಋತುವಿನೊಂದಿಗೆ ಲೀಗ್ ಮುಚ್ಚಿತು. ಎಲ್‌ಪಿಜಿಎ ಬಡತನದಲ್ಲೂ ಬದುಕಿದ್ದಕ್ಕೆ ಒಂದು ಕಾರಣ, ಅದನ್ನು ಮುಚ್ಚುವ ಅಧಿಕಾರವಿದ್ದ ಮಾಲೀಕ ಯಾರೂ ಇರಲಿಲ್ಲ. ಅದರ ಮಾಲೀಕರು ಅದರ ಕಾರ್ಮಿಕರೇ ಆಗಿದ್ದರು, ಅವರಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಈ ಟೂರ್‌ಗೆ ಬೆಂಗಳೂರಿನ ಹುಡುಗಿಯೊಬ್ಬಳು ಕಾಲಿಟ್ಟದ್ದು 2017ರಲ್ಲಿ. ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ಆಡಿ ಬೆಳೆದ ಅದಿತಿ ಅಶೋಕ್ ಅದಕ್ಕೆ ಮೊದಲು ಯುರೋಪಿನ ಟೂರ್‌ನಲ್ಲಿ ಗೆದ್ದಿದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೇ ಸ್ಥಾನ ಪಡೆದಾಗ, ಗಾಲ್ಫ್ ಏನೆಂದೇ ಅರಿಯದ ಮನೆಗಳಲ್ಲೂ ಬೆಳಗಿನ ಜಾವಕ್ಕೆ ಟಿವಿ ಹಾಕಿದರು. 2023ರಲ್ಲಿ ಲಾಸ್ ಏಂಜಲೀಸ್‌ನ ಟೂರ್ನಿಯೊಂದರ ಪ್ಲೇಆಫ್‌ನಲ್ಲಿ ಎಲ್‌ಪಿಜಿಎ ಪ್ರಶಸ್ತಿ ಕೂದಲೆಳೆಯಲ್ಲಿ ತಪ್ಪಿತು. ಗೆಲ್ಲದ ವಾರಗಳಲ್ಲೂ ಅವರಂಥವರು ಈ ಆಟದಿಂದ ಬದುಕಬಲ್ಲರು, ಮುಂದಿನ ವಾರ ಮತ್ತೆ ಟೀಯಲ್ಲಿ ನಿಲ್ಲಬಲ್ಲರು. ವೃತ್ತಿಪರ ಕ್ರೀಡೆಯ ನಿಜವಾದ ಅಳತೆ ಇದು. 1950ರಲ್ಲಿ ಇದು ಮೂವರಿಗಷ್ಟೇ ಸಾಧ್ಯವಿತ್ತು.

ಎಲ್‌ಪಿಜಿಎ ತನ್ನ ಕೀರ್ತಿಮಂದಿರಕ್ಕೆ ಆಟಗಾರ್ತಿಯರನ್ನು ಸೇರಿಸುವಾಗ ಬಹುಕಾಲ ಎಣಿಸಿದ್ದು ಗೆಲುವುಗಳನ್ನು. ಆ ಲೆಕ್ಕದಲ್ಲಿ ಬೇಬ್, ಸಗ್ಸ್, ಬರ್ಗ್, ಜೇಮ್ಸನ್‌ರಂಥವರು ಬೇಗ ಒಳಹೋದರು, ಉಳಿದ ಸ್ಥಾಪಕಿಯರಲ್ಲಿ ಹೆಚ್ಚಿನವರು ಹೊರಗುಳಿದರು. 2022ರ ಮಾರ್ಚ್‌ನಲ್ಲಿ ಸಂಸ್ಥೆ ಆ ನಿಯಮ ಸಡಿಲಿಸಿ ಮಿಕ್ಕ ಏಳು ಮಂದಿಯನ್ನೂ ಸೇರಿಸಿತು: ಆಲಿಸ್ ಬಾವರ್, ಡ್ಯಾನಾಫ್, ಡೆಟ್‌ವೈಲರ್, ಹೆಲೆನ್ ಹಿಕ್ಸ್, ಹಿಲ್, ಸೆಶನ್ಸ್ ಮತ್ತು ಸ್ಪೋರ್ಕ್. ಏಳರಲ್ಲಿ ಆ ಸುದ್ದಿ ಕೇಳಲು ಜೀವಂತವಿದ್ದವರು ಸ್ಪೋರ್ಕ್ ಒಬ್ಬರೇ. ಟೂರ್‌ನಲ್ಲಿ ಒಂದೂ ಪ್ರಶಸ್ತಿ ಗೆಲ್ಲದ ಅವರು ಮರು ತಿಂಗಳೇ, 94ನೇ ವಯಸ್ಸಿನಲ್ಲಿ ಕಣ್ಮುಚ್ಚಿದರು. ಗೂಟ ನೆಟ್ಟದ್ದನ್ನೂ ಗೆಲುವಿನ ಪಕ್ಕದಲ್ಲಿಟ್ಟು ಎಣಿಸಬೇಕು ಎಂದು ಸಂಸ್ಥೆಗೆ ಹೊಳೆಯಲು 72 ವರ್ಷ ಹಿಡಿಯಿತು.